ಕೆಂಪು ಚೌಕ

ಡಾರ್ಕ್ ರೂಮಿನ ಕೀಲಿ ಇನ್ನೂ ನನ್ನ ಗೊಂಚಲಲ್ಲೇ ಇದೆ.
ಬಾಗಿಲು ತೆರೆದರೆ ಸಲೈನ್ ಬಾಟಲಿಯ ರಟ್ಟಿನ ಪೆಟ್ಟಿಗೆ,
ಮುರಿದ ವೀಲ್‌ಚೇರು, ಪೋಲಿಯೋ ಅಭಿಯಾನದ ಹಳೇ ಬ್ಯಾನರು.
ವಾಸನೆ ಮಾತ್ರ ಹೋಗಿಲ್ಲ.
ಹೈಪೋ ದ್ರಾವಣದ ಹುಳಿ ಗೋಡೆಯೊಳಗೆ ಇಳಿದು ಕೂತಿದೆ.

ಇಲ್ಲಿ ಕೆಂಪು ಬಲ್ಬಿನಡಿ ಎಷ್ಟೋ ವರ್ಷ
ಎದೆಗೂಡುಗಳನ್ನು ತೊಳೆದು ತಂತಿಗೆ ನೇತುಹಾಕಿದೆ.
ತೊಟ್ಟಿಕ್ಕುವ ಪಕ್ಕೆಲುಬು, ತೊಟ್ಟಿಕ್ಕುವ ಮೊಣಕಾಲು,
ಮದುವೆಗೆ ಮೊದಲೇ ಕಂದಿದ ನನ್ನ ಉಗುರು.
ಒಂದು ನೆರಳು ಮೂಡಲು ಆಗ ನಾಲ್ಕು ನಿಮಿಷ.
ಆ ನಾಲ್ಕು ನಿಮಿಷ
ಯಾರಿಗೂ ಏನೂ ಆಗಿರುತ್ತಿರಲಿಲ್ಲ.

ಈಗ ಗುಂಡಿ ಒತ್ತಿ ಕಣ್ಣೆತ್ತುವಷ್ಟರಲ್ಲಿ ಚಿತ್ರ,
ಚಿತ್ರದ ಬೆನ್ನಿಗೇ ಕೆಂಪು ಚೌಕ,
ಚೌಕದ ಮೂಲೆಗೆ ಶೇಕಡಾ ಎಪ್ಪತ್ತೊಂದು.
ಯಾವುದರ ಎಪ್ಪತ್ತೊಂದು ಅಂತ ಅದು ಹೇಳುವುದಿಲ್ಲ.
ಕಲಿಸಲು ಬಂದಿದ್ದ ಹುಬ್ಬಳ್ಳಿಯ ಹುಡುಗ
‘ಮೇಡಂ, ಇದು ಹತ್ತು ಲಕ್ಷ ಎದೆ ನೋಡಿದೆ’ ಅಂದ.
ನಾನು ಮನಸ್ಸಿನಲ್ಲೇ ನನ್ನವನ್ನು ಎಣಿಸತೊಡಗಿದೆ:
ದಿನಕ್ಕೆ ಮೂವತ್ತು, ಭಾನುವಾರ ಬಿಟ್ಟು, ಎರಡು ಹೆರಿಗೆ ರಜೆ ಬಿಟ್ಟು...
ಎರಡು ಲಕ್ಷಕ್ಕೆ ಬರುವಷ್ಟರಲ್ಲಿ
ಯಾರೋ ಕಾಲು ಮುರಿದುಕೊಂಡು ಬಂದರು.

ಮೊದಲ ವಾರ ಅದು
ಸದಾಶಿವಗಡದ ಅಜ್ಜಿಯ ಸೆರಗಿನ ಪಿನ್ನಿಗೆ ಚೌಕ ಹಾಕಿತು.
ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ಜಾಸ್ತಿಯೇ.
ಎರಡನೇ ವಾರ ಚೆಂಡಿಯಾದ ಹುಡುಗಿಯೊಬ್ಬಳ
ಹೃದಯದ ಹಿಂದೆ ಅಡಗಿದ್ದ ಕಲೆಗೆ ಹಾಕಿತು.
ನಾನು ಆಗಲೇ ಮುಂದಿನ ಹೆಸರು ಕೂಗಿಯಾಗಿತ್ತು.

ವರದಿ ಬರೆಯುವ ಡಾಕ್ಟರು ಯಾವ ಊರಲ್ಲಿದ್ದಾರೋ.
ರಾತ್ರಿ ಎರಡಕ್ಕೂ ಹನ್ನೊಂದು ನಿಮಿಷಕ್ಕೆ ಉತ್ತರ.
ಒಮ್ಮೆ ಎಡಗಾಲಿಗೆ ಬಲಗಾಲು ಅಂತ ಬರೆದು,
ಆಮೇಲೆ ತಿದ್ದಿ ಕಳಿಸಿದರು.
ಅವರಿಗೂ ನಿದ್ದೆ ಬರುತ್ತದೆಂದು
ಯಾಕೋ ಸಮಾಧಾನವಾಯಿತು.

ಇವತ್ತು ಬೈತಖೋಲದಿಂದ ಪುರ್ಸೊ ಖಾರ್ವಿ.
ಟ್ರಾಲರಿನ ತಾಂಡೇಲ. ಅರವತ್ತೆರಡು. ಮೂರು ತಿಂಗಳ ಕೆಮ್ಮು.
ಜೇಬಿನಲ್ಲಿ ಬೀಡಿಯ ಬದಲು ಏಲಕ್ಕಿ; ಹೆಂಡತಿ ಹಾಕಿದ ಆಣೆ.
ಪರದೆ ತಿರುಗಿಸಿ ತೋರಿಸಬಾರದು ಅಂತ ನಿಯಮ.
ತೋರಿಸಿದೆ.
ಮೋಡ ಅಳೆಯುವ ಕಣ್ಣಲ್ಲಿ ನೋಡಿದ:

‘ನಮ್ಮ ಬೋಟಿನಲ್ಲೂ ಉಂಟು ಬಾಯಿ, ಇಂಥದ್ದೇ.
ತಳದಲ್ಲಿ ಕೆಂಪು ಮೂಡಿದರೆ ಮೀನು ಅಂತದೆ.
ಬಂಗಡೆಯೋ, ಬರೀ ಅಂಬಲಿ ಮೀನೋ,
ಮುಳುಗಿದ ಮಚವೆಯ ಹಲಗೆಯೋ,
ಬಲೆ ಎತ್ತಿದ ಮೇಲೇ ಗೊತ್ತು.’
ತುಸು ತಡೆದು,
‘ಇದಕ್ಕೆ ಬಲೆ ಎಲ್ಲಿ ಹಾಕ್ತಾರೆ?’

ಗೋವಾದಲ್ಲಿ, ಅಂದೆ. ಸೂಜಿ ಹಾಕಿ ತೆಗೀತಾರೆ.
‘ಅಷ್ಟು ಸಣ್ಣ ಬಲೆಯಾ!’

ಅದಕ್ಕೂ ಮೊದಲು ಸಿ.ಟಿ.
ಸೀಸದ ಗಾಜಿನ ಈಚೆ ನಾನು. ಎದೆಯ ಮೇಲೆ
ಮೂರು ತಿಂಗಳಿಗೊಮ್ಮೆ ನನ್ನ ಪಾಲಿನ ಕಿರಣ ಎಣಿಸುವ ಬಿಲ್ಲೆ.
(ಕೈಗಾ ಗೇಟಿನಲ್ಲಿ ನನ್ನ ಭಾವನೂ ಇಂಥದ್ದೇ ಸಿಕ್ಕಿಸಿಕೊಳ್ಳುತ್ತಾನೆ.
ಹಬ್ಬದ ಊಟಕ್ಕೆ ಕೂತಾಗ ಇಬ್ಬರೂ ಹೋಲಿಸಿಕೊಳ್ಳುತ್ತೇವೆ,
ಬೇರೆಯವರು ಸಕ್ಕರೆ ಕಾಯಿಲೆಯ ಅಂಕಿ ಹೋಲಿಸಿದ ಹಾಗೆ.)

ಮಾತು ಈಗ ಯಂತ್ರದ್ದೇ.
ಇಸ್ತ್ರಿ ಹಾಕಿದಂಥ ಹೆಣ್ಣುದನಿ, ಹಿಂದಿಯಲ್ಲಿ:
ಸಾಂಸ್ ಲೀಜಿಯೆ. ರೋಕಿಯೆ.
ಪುರ್ಸೊ ಎಳೆದ, ಹಿಡಿದ.
ಪರದೆಯ ಮೇಲೆ ಅವನು ಹೋಳುಹೋಳಾಗಿ ಬಂದ,
ಬೆಳಗಿನ ಮಾರುಕಟ್ಟೆಯ ಇಸ್ವಣ.
ಛೋಡಿಯೆ, ಅಂದಿತು ದನಿ.

ಅವನು ಬಿಡಲಿಲ್ಲ.
ನಲವತ್ತು ವರ್ಷದ ಇಂಜಿನ್ನು ಕೂತ ಕಿವಿ.
ದನಿಗೆ ಒಂದೇ ಸಲ ಹೇಳಿ ಗೊತ್ತು.
ಮುಖ ಕೆಂಪಾಗುತ್ತಿದೆ, ಕಣ್ಣು ಸೂರಿನಲ್ಲಿ,
ನೀರಿನಡಿ ಲಂಗರು ಬಿಡಿಸುವವನಷ್ಟು ಶ್ರದ್ಧೆ.

ಭಾರದ ಬಾಗಿಲು ತಳ್ಳಿ ಒಳಗೆ ಹೋಗಿ
ಭುಜ ತಟ್ಟಿದೆ.
ಸೋಡ್ ರೇ ಪುರ್ಸೊ. ಸೋಡ್.

ಬಿಟ್ಟ.
ಏಲಕ್ಕಿಯ ವಾಸನೆ.
ಅದರಡಿಯಲ್ಲಿ, ಬೀಡಿಯದೂ.